ಜಾಬ್ ಕಾರ್ಡಿನಲ್ಲಿ ಏನು ಬರೆದಿದ್ದಾರೆ?

"ನಾರ್ಮಲ್ ಅಂತಾರೆ ಮಾವ. ಹೋದಾಗೆಲ್ಲ ಅದೇ ಮಾತು. ಆಯಿಲ್ ಕಡಿಮೆ ಆಗೋದು ನಾರ್ಮಲ್ಲು, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಕಟಕಟ ಅನ್ನೋದು ನಾರ್ಮಲ್ಲು, ಚಾರ್ಮಾಡಿ ಘಾಟಿ ಹತ್ತುವಾಗ ನೀಲಿ ಹೊಗೆ ಬಂದ್ರೆ ಅದೂ ನಾರ್ಮಲ್ಲು!"

"ಅವರು ಹೇಳಿದ್ದು ಹಾಗಿರಲಿ. ಬರೆದುಕೊಟ್ಟಿದ್ದು ಏನು? ಜಾಬ್ ಕಾರ್ಡ್ ತೆಗಿ."

ಕೇಳಿದವರು ಹಾಸನದಲ್ಲಿ ನೆಲೆಸಿರುವ ನಿವೃತ್ತ ಮೋಟಾರ್ ಸರ್ವೇಯರ್. ಅಪಘಾತವಾದ ವಾಹನಗಳನ್ನು ನೋಡಿ ವಿಮಾ ಕಂಪನಿಗಳಿಗೆ ನಷ್ಟದ ಅಂದಾಜು ಕೊಡುವುದು ಅವರ ವೃತ್ತಿಯಾಗಿತ್ತು. ವರ್ಕ್‌ಶಾಪುಗಳ ಒಳಗೂ ಗ್ರಾಹಕ ನ್ಯಾಯಾಲಯಗಳ ಒಳಗೂ ಓಡಾಡಿ ಬಲ್ಲವರು. ಎದುರಿಗೆ ಕೂತವಳು ಅವರ ಅಕ್ಕನ ಮಗಳು, ಚಿಕ್ಕಮಗಳೂರಿನ ಬ್ಯಾಂಕೊಂದರಲ್ಲಿ ಅಧಿಕಾರಿ. ಸಾಲ ಮಾಡಿ ಕೊಂಡ ಕಾರು, ಕಂತು ತಪ್ಪದೆ ಕಟ್ಟುತ್ತಿದ್ದಾಳೆ, ವಾರಂಟಿ ಇನ್ನೂ ಮುಗಿದಿಲ್ಲ. ಎಂಜಿನ್ ಮಾತ್ರ ಆಯಿಲ್ ತಿನ್ನುತ್ತಿದೆ.

ಕಡತದಲ್ಲಿ ಕಾಗದಗಳಿಗೇನೂ ಕೊರತೆಯಿರಲಿಲ್ಲ. ಆದರೆ ಹೆಚ್ಚಿನವು ಬಿಲ್ಲುಗಳು. ಜಾಬ್ ಕಾರ್ಡ್ ಬೇರೆ. ಕಾರನ್ನು ವರ್ಕ್‌ಶಾಪಿಗೆ ಒಪ್ಪಿಸುವಾಗಲೇ ದಿನಾಂಕ, ಓಡಿದ ಕಿಲೋಮೀಟರ್, ಗ್ರಾಹಕರ ದೂರು, ಮಾಡಬೇಕಾದ ಕೆಲಸ ಎಲ್ಲವೂ ಅದರಲ್ಲಿ ದಾಖಲಾಗಬೇಕು. ಆಕೆಯ ಬಳಿಯಿದ್ದ ಜಾಬ್ ಕಾರ್ಡುಗಳಲ್ಲಿ ದೂರಿನ ಜಾಗದಲ್ಲಿ 'ಜನರಲ್ ಚೆಕಪ್' ಎಂದಿತ್ತು. ಒಂದರಲ್ಲಿ 'ಆಯಿಲ್ ಟಾಪ್‌ಅಪ್', ಅಷ್ಟೇ.

"ಇದರಲ್ಲಿ ಸದ್ದು ಎಲ್ಲಿದೆ? ಹೊಗೆ ಎಲ್ಲಿದೆ?"

"ಬಾಯಿಬಿಟ್ಟು ಹೇಳಿದೀನಲ್ಲ ಮಾವ. ಸರ್ವಿಸ್ ಅಡ್ವೈಸರ್ ತಲೆಯಾಡಿಸಿ ಟ್ಯಾಬ್‌ನಲ್ಲಿ ಏನೋ ಒತ್ತಿದ. ನಾನು ಬೆರಳಲ್ಲಿ ಸಹಿ ಹಾಕಿದೆ."

"ಅವನು ಒತ್ತಿದ್ದು ಇದನ್ನೇ. ನಾಳೆ ಕಂಪನಿಯವರ ಮುಂದೆ, ಗ್ರಾಹಕ ಆಯೋಗದ ಮುಂದೆ, ಈ ಎಂಜಿನ್ನಿಗೆ ತೊಂದರೆ ಇತ್ತು ಅನ್ನೋದಕ್ಕೆ ನಿನ್ನ ಹತ್ತಿರ ಇರೋ ಸಾಕ್ಷಿ ಇಷ್ಟು ಮಾತ್ರ, ಜನರಲ್ ಚೆಕಪ್."

ಮಾತು ಕಟುವಾಗಿತ್ತು, ಸುಳ್ಳಾಗಿರಲಿಲ್ಲ. ವಾರಂಟಿ ಅವಧಿಯೊಳಗೇ ದೂರು ಕೊಟ್ಟಿದ್ದೆವು, ಒಂದೇ ದೋಷಕ್ಕೆ ಮತ್ತೆ ಮತ್ತೆ ಹೋಗಿದ್ದೆವು ಎಂಬುದನ್ನು ತೋರಿಸಲಾಗದೆ ಸೋತವರು ಬಹಳ ಮಂದಿ. ಅವರ ಎಂಜಿನ್‌ಗಳೇನೂ ಸರಿಯಿರಲಿಲ್ಲ.

ಆಕೆ ಬಿಡಲಿಲ್ಲ. "ಕಂಪನಿಯ ವಾರಂಟಿ ಇರುವಾಗ ಶೋರೂಂನವನಿಗೇನು ನಷ್ಟ? ಅವನ ಕೈಯಿಂದ ಹೋಗಲ್ವಲ್ಲ?"

"ಹಾಗಲ್ಲ. ವಾರಂಟಿ ಕೆಲಸಕ್ಕೆ ಮೊದಲು ಕೈ ಹಾಕೋದು ಡೀಲರ್, ಆಮೇಲೆ ಕಂಪನಿಯಿಂದ ಹಣ ಕ್ಲೇಮ್ ಮಾಡ್ಕೋತಾನೆ. ಸಣ್ಣ ಭಾಗ ಆದ್ರೆ ಅಲ್ಲಲ್ಲೇ ಮುಗಿಯುತ್ತೆ. ಎಂಜಿನ್ ಬಿಚ್ಚೋ ಮಾತು ಬಂದ್ರೆ ಕಂಪನಿಯ ಅನುಮತಿ ಬೇಕು. ಫೋಟೋ ಕೇಳ್ತಾರೆ, ರಿಪೋರ್ಟ್ ಕೇಳ್ತಾರೆ, ಬಿಚ್ಚಿದ ಭಾಗ ಕೇಳ್ತಾರೆ. ಕ್ಲೇಮ್ ತಿರಸ್ಕಾರ ಆದ್ರೆ ಮೆಕ್ಯಾನಿಕ್ಕಿನ ಕೂಲಿ ಡೀಲರ್ ತಲೆ ಮೇಲೆ. ಅದಕ್ಕೇ ಮೊದಲು ಆಯಿಲ್ ಬದಲಾಯಿಸ್ತಾರೆ, ಆಮೇಲೆ ಪ್ಲಗ್ ಬದಲಾಯಿಸ್ತಾರೆ, ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್. ಅಷ್ಟು ಹೊತ್ತಿಗೆ ವಾರಂಟಿ ಮುಗಿದಿರುತ್ತೆ."

ಎಂಜಿನ್ ಆಯಿಲ್ ತಿನ್ನುವುದಕ್ಕೆ ಮುಖ್ಯ ದಾರಿಗಳು ಎರಡು. ಪಿಸ್ಟನ್ನಿನ ಸುತ್ತ ಇರುವ ಉಂಗುರಗಳಲ್ಲಿ ಒಂದು, ಸಿಲಿಂಡರ್ ಗೋಡೆಗೆ ಅಂಟಿದ ಆಯಿಲ್ಲನ್ನು ಕೆರೆದು ಕೆಳಗೆ ಇಳಿಸುವುದಕ್ಕೇ ಇರುವಂಥದು. ಅದು ಮಸಿ ಹಿಡಿದು ಅಂಟಿಕೊಂಡರೆ ಅಥವಾ ಸಿಲಿಂಡರ್ ಬೋರಿನ ಅಳತೆಯೇ ತಪ್ಪಿದ್ದರೆ, ಆಯಿಲ್ ಮೇಲೇರಿ ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಎರಡನೆಯದು ವಾಲ್ವ್ ಕಾಂಡದ ಸೀಲ್. ಅದು ಗಟ್ಟಿಯಾದರೆ ಆಯಿಲ್ ಮೇಲಿನಿಂದ ಒಳಗೆ ಜಿನುಗುತ್ತದೆ. ನೀಲಿ ಹೊಗೆ ಇವೆರಡಕ್ಕೂ ಗುರುತು. ಆಯಿಲ್ ಮಟ್ಟ ಡಿಪ್‌ಸ್ಟಿಕ್ಕಿನ ಕೆಳಗೀಟಿಗಿಂತ ಇಳಿದ ಮೇಲೂ ಕಾರು ಓಡಿದರೆ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೆ ಸಾಕಷ್ಟು ಆಯಿಲ್ ತಲುಪದೆ ಹೋಗಬಹುದು. ಲೋಹ ಲೋಹವನ್ನು ತಿನ್ನಲು ಶುರುವಾಗುವುದು ಆಗ. ಕಟಕಟ ಸದ್ದು ಅಲ್ಲಿಂದ ಬರುತ್ತಿದ್ದರೆ ಎಂಜಿನ್ ಜಾಮ್ ಆಗಲು ಹೆಚ್ಚು ದಿನ ಬೇಡ.

"ಆದ್ರೆ ಅವರು ಕೈಪಿಡಿ ತೆಗೆದು ತೋರಿಸಿದ್ರು ಮಾವ. ಇಷ್ಟು ಆಯಿಲ್ ಹೋಗೋದು ಸಹಜ ಅಂತ ಅದರಲ್ಲೇ ಇದೆ."

"ಇರುತ್ತೆ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಸಹಜ ಅಂತ ಕೆಲವರು ಬರೀತಾರೆ, ಒಂದು ಲೀಟರ್ ತನಕ ಅಂತ ಬರೆದೋರೂ ಇದ್ದಾರೆ. ಆ ಸಾಲನ್ನ ನೀನೇ ಹಿಡ್ಕೋ. 'ನಿಮ್ಮ ಮಿತಿ ಇಷ್ಟು, ನನ್ನ ಕಾರು ಎಷ್ಟು ತಿನ್ನುತ್ತೆ ಅಳೆದು ಕೊಡಿ' ಅಂತ ಬರೆದು ಕೇಳು. ಅದಕ್ಕೆ ಆಯಿಲ್ ಕನ್ಸಂಪ್ಷನ್ ಟೆಸ್ಟ್ ಅಂತಾರೆ. ಹೊಸ ಆಯಿಲ್ ಸರಿಯಾದ ಅಳತೆಗೆ ತುಂಬಿ, ಕೆಳಗಿನ ಡ್ರೈನ್ ಬೋಲ್ಟಿಗೂ ಫಿಲ್ಟರಿಗೂ ಗುರುತು ಹಾಕಿ ಸೀಲ್ ಮಾಡಿ, ನಿಗದಿತ ದೂರ ಓಡಿಸಿ, ಮತ್ತೆ ಇಳಿಸಿ ಅಳೀತಾರೆ. ಆಗ ಬರೋದು ಒಂದು ಅಂಕಿ. ಅಂಕಿಯನ್ನ ಯಾರೂ ನಾರ್ಮಲ್ ಅಂತ ಹೇಳಿ ತಳ್ಳಿಹಾಕೋಕಾಗಲ್ಲ."

ಆಕೆ ಅದನ್ನು ಗುರುತು ಹಾಕಿಕೊಂಡಳು. ಆದರೆ ಮುಖದ ಸಿಟ್ಟು ಇಳಿದಿರಲಿಲ್ಲ. "ಕಾರ್ಖಾನೆಯಲ್ಲೇ ತಪ್ಪಾಗಿದೆ ಅಂತ ಯಾವ ಕಂಪನಿಯಾದ್ರೂ ಯಾವತ್ತಾದ್ರೂ ಒಪ್ಪಿಕೊಂಡಿದೆಯಾ?"

ಒಪ್ಪಿಕೊಂಡಿವೆ. ಅದರಲ್ಲೂ ಹುಂಡೈ ಮತ್ತು ಕಿಯಾ ಕಂಪನಿಗಳ ಥೀಟಾ-2 ಎಂಜಿನ್ನಿನ ಕಥೆಯನ್ನು ಕಾರು ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಮಾವ ಅದನ್ನು ವಿಸ್ತಾರವಾಗಿಯೇ ಹೇಳಿದರು.

ಅಮೆರಿಕದ ಅಲಬಾಮಾ ರಾಜ್ಯದ ಕಾರ್ಖಾನೆಯಲ್ಲಿ ಈ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ ಕೊರೆದ ಮೇಲೆ ಉಳಿದ ಲೋಹದ ಚೂರುಗಳು ಪೂರ್ತಿ ಸ್ವಚ್ಛವಾಗಿರಲಿಲ್ಲ. ಆ ಚೂರುಗಳು ಆಯಿಲ್ ಹರಿಯುವ ದಾರಿಗೆ ಅಡ್ಡವಾಗಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಒಣಗಿ ಸವೆದವು. ಮೊದಲು ಬಡಿಯುವ ಸದ್ದು, ಆಮೇಲೆ ಓಡುತ್ತಿರುವಾಗಲೇ ಎಂಜಿನ್ ನಿಲ್ಲುವುದು, ಕೆಲವು ಕಡೆ ಬೆಂಕಿ. 2015ರ ಸೆಪ್ಟೆಂಬರಿನಲ್ಲಿ ಹುಂಡೈ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಯಿತು. ಅದೇ ಬಗೆಯ ಎಂಜಿನ್ ಇದ್ದ ಉಳಿದ ಕಾರುಗಳ ಸರದಿ ಬಂದದ್ದು 2017ರಲ್ಲಿ. ಆಗ ಎರಡೂ ಕಂಪನಿಗಳ ಸುಮಾರು 12 ಲಕ್ಷ ವಾಹನಗಳು ಪಟ್ಟಿಗೆ ಸೇರಿದವು.

"ಎರಡು ವರ್ಷ ತಡ ಯಾಕೆ ಆಯ್ತು?"

"ಅದನ್ನೇ ಕಂಪನಿಯ ಒಳಗಿನವನೊಬ್ಬ ಕೇಳಿದ. ಕಿಮ್ ಗ್ವಾಂಗ್-ಹೋ ಅಂತ, ಹುಂಡೈಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ ಎಂಜಿನಿಯರ್. 2016ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಗೆ ದಾಖಲೆ ಒಯ್ದು ಕೊಟ್ಟ. ಕೆಲಸ ಕಳ್ಕೊಂಡ. ಆದ್ರೆ 2020ರ ನವೆಂಬರಿನಲ್ಲಿ ಎರಡೂ ಕಂಪನಿಗಳು ಒಟ್ಟು 21 ಕೋಟಿ ಡಾಲರಿನ ದಂಡದ ಒಪ್ಪಂದಕ್ಕೆ ಸಹಿ ಹಾಕಬೇಕಾಯ್ತು. ಮರುವರ್ಷ ಅವನಿಗೆ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಬಂತು. ಆ ಸಂಸ್ಥೆ ಹಾಗೆ ಬಹುಮಾನ ಕೊಟ್ಟಿದ್ದು ಅದೇ ಮೊದಲು."

"ಕಾರಿನ ಮಾಲೀಕರಿಗೆ ಏನು ಸಿಕ್ತು?"

ಸಾಮೂಹಿಕ ದಾವೆಯ ಒಪ್ಪಂದದಲ್ಲಿ ಎಂಜಿನ್ನಿನ ಕೆಳಭಾಗಕ್ಕೆ ಜೀವಮಾನದ ವಾರಂಟಿ ಸಿಕ್ಕಿತು. ಆದರೆ ಅದಕ್ಕೂ ಷರತ್ತುಗಳಿದ್ದವು. ಬೇರಿಂಗ್ ಬಡಿತವನ್ನು ಮೊದಲೇ ಪತ್ತೆ ಮಾಡುವ ಸಾಫ್ಟ್‌ವೇರನ್ನು ಹಾಕಿಸಿಕೊಂಡಿರಬೇಕು. ನಿರ್ವಹಣೆಯಲ್ಲಿ ವಿಪರೀತ ಅಲಕ್ಷ್ಯ ಕಂಡುಬಂದರೆ ವಾರಂಟಿ ಇಲ್ಲ. ಅಂದರೆ ಕಾರ್ಖಾನೆಯ ದೋಷ ಜಗಜ್ಜಾಹೀರಾದ ಮೇಲೂ ಆಯಿಲ್ ಬದಲಾಯಿಸಿದ ರಸೀದಿ ಕಳೆದುಕೊಂಡವನಿಗೆ ತೊಂದರೆ ತಪ್ಪಲಿಲ್ಲ. ಮಾವ ಕಾಗದದ ಬಗ್ಗೆ ಅಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ.

ಹಳೆಯ ಕಥೆ ಎಂದು ಇದನ್ನು ಬದಿಗಿಡುವಂತಿಲ್ಲ. 2024ರಲ್ಲಿ ಟೊಯೊಟಾ ಅಮೆರಿಕದಲ್ಲಿ ಸುಮಾರು ಒಂದು ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ವಾಹನಗಳನ್ನು ಹಿಂದಕ್ಕೆ ಕರೆದದ್ದೂ ಎಂಜಿನ್ನಿನೊಳಗೆ ಉಳಿದ ಲೋಹದ ಚೂರಿಗಾಗಿ. ಕೊನೆಗೆ ಎಂಜಿನ್‌ಗಳನ್ನೇ ಬದಲಾಯಿಸಲು ಅದು ಒಪ್ಪಿತು. 2025ರ ಏಪ್ರಿಲಿನಲ್ಲಿ ಜನರಲ್ ಮೋಟಾರ್ಸ್ ತನ್ನ 6.2 ಲೀಟರ್ ಎಂಜಿನ್ ಇದ್ದ ಸುಮಾರು 6 ಲಕ್ಷ ವಾಹನಗಳನ್ನು ಕರೆಯಿತು. ಪರೀಕ್ಷೆಯಲ್ಲಿ ದೋಷ ಕಂಡವುಗಳಿಗೆ ದುರಸ್ತಿ ಅಥವಾ ಹೊಸ ಎಂಜಿನ್, ದೋಷ ಕಾಣದವುಗಳಿಗೆ ಇನ್ನಷ್ಟು ಮಂದವಾದ 0ಡಬ್ಲ್ಯೂ-40 ಆಯಿಲ್, ಅದಕ್ಕೆ ತಕ್ಕ ಹೊಸ ಮುಚ್ಚಳ.

"ಅಲ್ಲೂ ಆಯಿಲ್ ಬದಲಾಯಿಸಿ ಕಳಿಸಿದ್ರಾ!"

"ಕಳಿಸಿದ್ರು. ಆದ್ರೆ ಯಾವ ಕಾರಿಗೆ ಏನು ಮಾಡಿದ್ವಿ, ಯಾಕೆ ಮಾಡಿದ್ವಿ ಅಂತ ಸರ್ಕಾರಕ್ಕೆ ಬರೆದುಕೊಟ್ರು. ಅದು ಸಾರ್ವಜನಿಕ ದಾಖಲೆ. ನಿನಗೆ ಬದಲಾಯಿಸಿದ ಆಯಿಲ್ಲಿಗೆ ದಾಖಲೆ ಎಲ್ಲಿದೆ?"

ನಮ್ಮಲ್ಲೂ ಹಿಂದಕ್ಕೆ ಕರೆಯುವ ಕಾನೂನು ಈಗ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಮು ಸೇರಿತು. ಪರಿಸರಕ್ಕೋ, ಓಡಿಸುವವರಿಗೋ, ಒಳಗೆ ಕೂತವರಿಗೋ, ರಸ್ತೆಯಲ್ಲಿರುವ ಇತರರಿಗೋ ಹಾನಿಯಾಗಬಲ್ಲ ದೋಷವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ಕೇಂದ್ರ ಸರ್ಕಾರ ಆದೇಶಿಸಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ಆದರೆ ಮಾಲೀಕರ ದೂರುಗಳಿಂದ ಆ ಯಂತ್ರ ಚಲಿಸಬೇಕಾದರೆ ಅವು ನಿಗದಿತ ಸಂಖ್ಯೆಯಲ್ಲಿ ಬರಬೇಕು. ಒಬ್ಬಳ ಒಂದು ಕಾರಿಗೆ ಅದರಿಂದ ಪರಿಹಾರ ಹುಟ್ಟುವುದಿಲ್ಲ.

ಮಾತು ಮತ್ತೆ ಚಿಕ್ಕಮಗಳೂರಿಗೆ ಬಂತು. ಕೊನೆಯ ಸಲ ಹೋದಾಗ ವರ್ಕ್ಸ್ ಮ್ಯಾನೇಜರ್ ಹೊಸ ರಾಗ ತೆಗೆದಿದ್ದರಂತೆ, ಪೆಟ್ರೋಲ್ ಸರಿಯಿಲ್ಲ ಎಂದು.

"ಆ ಮಾತು ಬಂದೇ ಬರುತ್ತೆ," ಎಂದರು ಮಾವ. "ಕಲಬೆರಕೆ ಪೆಟ್ರೋಲ್, ಇಲ್ಲಾ ನೀರು ಹೊಕ್ಕಿದೆ, ಇಲ್ಲಾ ಸರ್ವಿಸ್ ತಡ ಆಗಿದೆ. ಕಲಬೆರಕೆ ಅಂದ್ರೆ ನಿನ್ನೆದುರೇ ಟ್ಯಾಂಕಿನಿಂದ ಸ್ಯಾಂಪಲ್ ತೆಗೆದು ಸೀಲ್ ಮಾಡಿ ಲ್ಯಾಬಿಗೆ ಕಳಿಸೋಕೆ ಹೇಳು, ವರದಿ ಕೇಳು. ಬಂಕಿನ ಬಿಲ್ ಇಟ್ಕೋ. ನೀರು ಹೊಕ್ಕಿದೆ ಅಂದ್ರೆ ಮಾತ್ರ ಹುಷಾರು."

ಆ ಕೊನೆಯ ಎಚ್ಚರಿಕೆಗೆ ಕಾರಣವಿತ್ತು. ನೀರನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ. ಸಿಲಿಂಡರಿಗೆ ನೀರು ಹೊಕ್ಕಾಗ ಎಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ಮುಳುಗಿದಾಗ ಅನೇಕರಿಗೆ ಇದು ಗೊತ್ತಾಯಿತು. ಹೊರಗಿನ ನೀರು ತಯಾರಿಕಾ ದೋಷವಲ್ಲವಾದ್ದರಿಂದ ವಾರಂಟಿ ಅದನ್ನು ಹೊರುವುದಿಲ್ಲ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದ್ದರಿಂದಾದ ಹಾನಿ ಎಂದು ಸಾಮಾನ್ಯ ವಿಮಾ ಪಾಲಿಸಿಯೂ ಹಿಂದೆ ಸರಿಯುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಕೊಂಡವರು ಮಾತ್ರ ಪಾರಾದರು. ವಾರಂಟಿಗೂ ವಿಮೆಗೂ ನಡುವಿನ ಈ ಬಿರುಕಿಗೆ ಬಿದ್ದ ಕುಟುಂಬಗಳನ್ನು ಮಾವ ಕಣ್ಣಾರೆ ಕಂಡಿದ್ದರು. 'ನೀರು ಹೊಕ್ಕಿದೆ' ಎಂಬ ಎರಡು ಪದ ಜಾಬ್ ಕಾರ್ಡಿಗೆ ಬಿದ್ದರೆ ಅಳಿಸುವುದು ಕಷ್ಟ. ಆದ್ದರಿಂದ ಸಹಿ ಹಾಕುವ ಮೊದಲು ಓದಬೇಕು, ಒಪ್ಪದಿದ್ದರೆ ಒಪ್ಪಿಲ್ಲ ಎಂದು ಅಲ್ಲೇ ಬರೆಯಬೇಕು ಎಂಬುದು ಅವರ ಹಟ.

"ಇನ್ನೊಂದು ಕಾಗದಕ್ಕೆ ಸಹಿ ಕೇಳಿದಾರೆ ಮಾವ. ಎಂಜಿನ್ ಬಿಚ್ಚಿ ನೋಡಬೇಕಂತೆ. ವಾರಂಟಿಗೆ ಬರದಿದ್ರೆ ಬಿಚ್ಚಿದ ಖರ್ಚು, ಜೋಡಿಸೋ ಖರ್ಚು ನನ್ನದೇ ಅಂತೆ."

"ಬಿಚ್ಚೋದು ಬೇಕೇ ಬೇಕು. ಆದ್ರೆ ಬಿಚ್ಚೋ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ ನಾಲ್ಕೂ ಸಿಲಿಂಡರಿನ ರೀಡಿಂಗ್ ಬರೆಸಿಕೋ. ಬಿಚ್ಚುವಾಗ ನಾನೂ ಇರ್ತೀನಿ ಅಂತ ಬರಿ, ಫೋಟೋ ತೆಗಿ. ವಾರಂಟಿಗೆ ಬರಲ್ಲ ಅಂದ್ರೆ ಯಾವ ಕಾರಣಕ್ಕೆ ಬರಲ್ಲ ಅಂತ ಲಿಖಿತವಾಗಿ ಕೊಡಬೇಕು, ಹಳೇ ಭಾಗಗಳನ್ನ ಎಸೀಬಾರದು ಅನ್ನೋ ಷರತ್ತು ನೀನೂ ಹಾಕು."

ವಾರಂಟಿಯಲ್ಲಿ ಬದಲಾಯಿಸಿದ ಭಾಗವನ್ನು ಕಂಪನಿ ತಾನೇ ಒಯ್ಯುವುದು ರೂಢಿ. ನಿರಾಕರಿಸಿದಾಗ ಹಾಗಲ್ಲ. ಆಗ ಸವೆದ ಆ ಬೇರಿಂಗು, ಗೀರು ಬಿದ್ದ ಆ ಪಿಸ್ಟನ್ನೇ ಮುಂದೆ ತಜ್ಞರ ಕೈಗೆ ಕೊಡಬೇಕಾದ ವಸ್ತು.

ಇಷ್ಟರಲ್ಲಿ ಆಕೆ ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ ಹೊರಬಂತು. "ಇಷ್ಟೆಲ್ಲ ಗೋಳು ಯಾಕೆ? ಕಾರು ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಕೇಳಬಾರದಾ?"

"ಕೇಳಬಹುದು. ಆದ್ರೆ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ದೋಷ ಇರೋ ಭಾಗ ಬದಲಾಯಿಸೋದು ವಾರಂಟಿಯ ಮಾತು, ಅದಕ್ಕೆ ಇಡೀ ಕಾರೇ ಬದಲಾಗಬೇಕಿಲ್ಲ ಅಂತು. ಅಲ್ಲಿ ಜಗಳ ಇದ್ದದ್ದು ಕ್ಲಚ್ಚಿಂದು. ಆಮೇಲೆ 2010ರಲ್ಲಿ ಫಿಯಟ್ ಕಾರಿನ ಎಂಜಿನ್ ಸದ್ದಿನ ಪ್ರಕರಣ ಬಂತು. ಹೊಸ ಎಂಜಿನ್ ಹಾಕಿಕೊಡಿ ಅಂತ ರಾಷ್ಟ್ರೀಯ ಆಯೋಗ ಹೇಳಿತ್ತು. ಅದರ ಮೇಲೆ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು. ಸ್ವತಂತ್ರ ತಜ್ಞರು ನೋಡಿ ತಯಾರಿಕಾ ದೋಷ ಇದೆ ಅಂದ್ರೆ ಕಾರಿನ ಬೆಲೆಯನ್ನ ಶೇಕಡಾ 12 ಬಡ್ಡಿ ಸೇರಿಸಿ ಹಿಂದಿರುಗಿಸಬೇಕು ಅಂತ."

"ಅಂದ್ರೆ ಎಲ್ಲಾ ತಜ್ಞರ ಮೇಲೆ ನಿಂತಿದೆ."

"ಹೂಂ. ಕಾಯ್ದೆಯಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮು. ಪರೀಕ್ಷೆ ಮಾಡದೆ ದೋಷ ಗೊತ್ತಾಗಲ್ಲ ಅನ್ನೋ ವಸ್ತುವನ್ನ ಆಯೋಗ ಸೂಕ್ತ ಪ್ರಯೋಗಾಲಯಕ್ಕೆ ಕಳಿಸಬಹುದು. ಆದ್ರೆ ಅದನ್ನ ನೀನು ಅರ್ಜಿ ಹಾಕಿ ಕೇಳಬೇಕು. ತಜ್ಞರ ವರದಿ ಇಲ್ಲದೆ ನನ್ನ ಕಾರು ಹಾಳು ಅಂತ ಹೇಳ್ಕೊಂಡು ಹೋದವರ ದೂರು ಬಿದ್ದುಹೋಗಿದ್ದನ್ನ ನೋಡಿದೀನಿ."

ಕಾಯ್ದೆ ಗ್ರಾಹಕರಿಗೆ ಕೊಟ್ಟ ಅನುಕೂಲಗಳೂ ಸಣ್ಣವಲ್ಲ. ಕಂಪನಿಯ ಕಚೇರಿ ಎಲ್ಲಿದ್ದರೂ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. 50 ಲಕ್ಷ ರೂಪಾಯಿವರೆಗಿನ ಖರೀದಿ ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲಿದೆ. 5ರಿಂದ 10 ಲಕ್ಷದವರೆಗಿನ ಕಾರಿಗೆ ಶುಲ್ಕ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಬೇಕಿರುವುದನ್ನು 5 ತಿಂಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಆ ಗಡುವು ಮೀರಿ ವರ್ಷಗಟ್ಟಲೆ ಎಳೆಯುವುದು ಎಲ್ಲರೂ ಕಂಡ ಸಂಗತಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದಾಖಲಾಗಬೇಕೆಂಬ ಮಿತಿ ಮಾತ್ರ ಗ್ರಾಹಕನ ಮೇಲೆ ಬಿಗಿಯಾಗಿಯೇ ಬೀಳುತ್ತದೆ.

"ಡೀಲರನ್ನೂ ಕಂಪನಿಯನ್ನೂ ಇಬ್ಬರನ್ನೂ ಎದುರುದಾರರಾಗಿ ಸೇರಿಸು," ಎಂದು ಮಾವ ಒತ್ತಿ ಹೇಳಿದರು. ಡೀಲರ್ ತನ್ನ ಏಜೆಂಟ್ ಅಲ್ಲ, ಅವನದು ಸ್ವತಂತ್ರ ವ್ಯಾಪಾರ ಎಂದು ಕಂಪನಿಗಳು ವಾದಿಸುತ್ತವೆ. 2021ರಲ್ಲಿ ಟಾಟಾ ಮೋಟಾರ್ಸ್‌ಗೆ ಸಂಬಂಧಿಸಿದ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಡೀಲರ್ ಮಾಡಿದ ತಪ್ಪಿಗೆ ಕಂಪನಿಯನ್ನು ಹೊಣೆ ಮಾಡಲಿಲ್ಲ. ಒಬ್ಬರನ್ನು ಬಿಟ್ಟರೆ ಉಳಿದವರು ಅವರತ್ತ ಬೆರಳು ತೋರಿಸುತ್ತಾರೆ.

ಆಕೆ ಎಲ್ಲವನ್ನೂ ಬರೆದುಕೊಂಡಳು. ಪೆನ್ನು ಕೆಳಗಿಟ್ಟು ಹೇಳಿದ ಮಾತು ಮಾತ್ರ ಮಾವನನ್ನು ಒಂದು ಕ್ಷಣ ಸುಮ್ಮನಾಗಿಸಿತು. "ನೀವು ಹೇಳಿದ್ದೆಲ್ಲ ಮಾಡ್ತೀನಿ. ಆದ್ರೆ ಇದು ನ್ಯಾಯ ಅಲ್ಲ ಮಾವ. ಎಂಜಿನ್ ಮಾಡಿದವರು ಅವರು, ಪರೀಕ್ಷೆ ಮಾಡೋ ಯಂತ್ರ ಅವರದ್ದು, ದಾಖಲೆ ಬರೆಯೋ ಕಂಪ್ಯೂಟರ್ ಅವರದ್ದು. ತಪ್ಪನ್ನ ಸಾಬೀತು ಮಾಡಬೇಕಾದವಳು ನಾನು. ಬ್ಯಾಂಕಿಗೆ ರಜೆ ಹಾಕಿ, ಕಂತು ಕಟ್ಟಿಕೊಂಡು. ಹಳ್ಳಿಯಲ್ಲಿ ಕಾರಿಟ್ಟುಕೊಂಡ ಒಬ್ಬ ರೈತ ಏನು ಮಾಡಬೇಕು? ನಿಮ್ಮಂಥ ಮಾವ ಎಲ್ಲರಿಗೂ ಇರ್ತಾರಾ?"

ಸರಿಯಾದ ಪ್ರಶ್ನೆ. ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲೇ ಇದಕ್ಕೆ ಉತ್ತರ ಹುಡುಕಿತು. ಲೆಮನ್ ಲಾ ಎಂದು ಕರೆಯುವ ಅಂಥ ಕಾನೂನು ಆಮೇಲೆ ಅಲ್ಲಿನ ಎಲ್ಲ ರಾಜ್ಯಗಳಿಗೂ ಬಂತು. ಅದರ ತಿರುಳು ಸರಳ. ಹೊಸ ಕಾರಿನ ಒಂದೇ ದೋಷಕ್ಕೆ ನಿಗದಿತ ಸಲ, ಸಾಮಾನ್ಯವಾಗಿ ನಾಲ್ಕು ಸಲ, ದುರಸ್ತಿ ಮಾಡಿಯೂ ಸರಿಹೋಗದಿದ್ದರೆ ಅಥವಾ ಕಾರು ಒಟ್ಟು 30 ದಿನ ವರ್ಕ್‌ಶಾಪಿನಲ್ಲೇ ಉಳಿದರೆ, ಸರಿಪಡಿಸಲು ಕಂಪನಿಗೆ ಬೇಕಾದಷ್ಟು ಅವಕಾಶ ಸಿಕ್ಕಿದೆ ಎಂದೇ ಕಾನೂನು ಭಾವಿಸುತ್ತದೆ. ಆಮೇಲೆ ಕಾರು ಬದಲಾಯಿಸಬೇಕು, ಇಲ್ಲವೇ ಹಣ ಕೊಡಬೇಕು. ಬೇರಿಂಗ್ ಯಾಕೆ ಸವೆಯಿತು ಎಂದು ಮಾಲೀಕ ವಿವರಿಸಬೇಕಾಗಿಲ್ಲ, ಎಷ್ಟು ಸಲ ಹೋಗಿದ್ದೆ ಎಂದು ತೋರಿಸಿದರೆ ಸಾಕು.

"ಅಲ್ಲೂ ಜಾಬ್ ಕಾರ್ಡ್ ಬೇಕಲ್ಲಮ್ಮ," ಎಂದರು ಮಾವ.

"ಬೇಕು. ಆದ್ರೆ ಜಾಬ್ ಕಾರ್ಡೇ ಸಾಕು. ನಮ್ಮಲ್ಲಿ ಅದು ಬರೀ ಶುರು."

ಅವರು ಒಪ್ಪಿದರು. ಒಪ್ಪದೆ ಇರಲು ಅವರ ಇಡೀ ವೃತ್ತಿಯ ಅನುಭವದಲ್ಲಿ ಕಾರಣ ಸಿಗಲಿಲ್ಲ.

ಹೊರಡುವ ಮೊದಲು ಇನ್ನೊಂದು ವಿಷಯ ಹೇಳಿದರು, ಗೆದ್ದವರೂ ಮರೆಯುವಂಥದು. ಕಂಪನಿ ಕೊನೆಗೆ ಒಪ್ಪಿ 'ಹಾಫ್ ಎಂಜಿನ್' ಹಾಕಿಕೊಟ್ಟರೆ, ಅಂದರೆ ಬ್ಲಾಕು, ಕ್ರ್ಯಾಂಕು, ಪಿಸ್ಟನ್ನು ಸೇರಿದ ಕೆಳಭಾಗವನ್ನೇ ಬದಲಾಯಿಸಿದರೆ, ಎಂಜಿನ್ ನಂಬರ್ ಬದಲಾಗುತ್ತದೆ. ಡೀಲರಿನಿಂದ ಬಿಲ್ಲು ಮತ್ತು ಪತ್ರ ಪಡೆದು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಬೇಕು, ವಿಮಾ ಪಾಲಿಸಿಯಲ್ಲೂ ಹೊಸ ನಂಬರ್ ಬರೆಸಬೇಕು. ಇಲ್ಲದಿದ್ದರೆ ಮುಂದೆ ಅಪಘಾತವಾದಾಗ ವಿಮೆಯವರು, ಕಾರು ಮಾರುವಾಗ ಕೊಳ್ಳುವವರು ತಕರಾರು ತೆಗೆಯುತ್ತಾರೆ. ಹಾಕಿದ ಹೊಸ ಭಾಗಕ್ಕೆ ವಾರಂಟಿ ಎಷ್ಟು ದಿನ ಎಂಬುದನ್ನೂ ಬರೆಸಿಕೊಳ್ಳಬೇಕು. ಹಲವು ಕಂಪನಿಗಳು ಅದನ್ನು ಮೂಲ ವಾರಂಟಿಯ ಉಳಿದ ಅವಧಿಗೆ ಮಾತ್ರ ಕೊಡುತ್ತವೆ.

ಆಕೆಯ ದೂರು ಈಗ ಲಿಖಿತ ರೂಪದಲ್ಲಿ ಡೀಲರಿಗೂ ಕಂಪನಿಗೂ ಹೋಗಿದೆ, ಆಯಿಲ್ ಅಳೆಯುವ ಪರೀಕ್ಷೆ ಆಗಬೇಕಿದೆ. ಇದನ್ನು ಓದುತ್ತಿರುವವರ ಮನೆಮುಂದೆ ಇಂಥದೇ ಕಾರು ನಿಂತಿದ್ದರೆ ವಾರಂಟಿ ಮುಗಿಯುವ ದಿನಾಂಕವನ್ನು ಇವತ್ತೇ ನೋಡಿ. ಸದ್ದು, ಹೊಗೆ, ಆಯಿಲ್ ಇಳಿತ ಯಾವುದಿದ್ದರೂ ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡಿಗೆ ಬರೆಸಿ, ಪ್ರತಿ ಪಡೆಯಿರಿ. ಬರೆಯಲು ಒಪ್ಪದಿದ್ದರೆ ಅದೇ ದಿನ ಇಮೇಲ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ತೆಗೆದುಕೊಳ್ಳಿ. ಮತ ಕೇಳಲು ಬರುವ ನಿಮ್ಮ ಸಂಸದರನ್ನು ಒಂದು ಮಾತು ಕೇಳಿ: ಎಷ್ಟು ಸಲ ದುರಸ್ತಿಯಾಗದಿದ್ದರೆ ಹೊಸ ಕಾರು ಕೊಡಬೇಕು ಎಂದು ಹೇಳುವ ಕಾನೂನು ಭಾರತದಲ್ಲಿ ಇನ್ನೂ ಯಾಕಿಲ್ಲ?